ಒಂಬತ್ತು ಸೂರ್ಯ

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಾಗಿಲ ಮೇಲೆ ತಗಡಿನ ಬೋರ್ಡು: "ಶರ್ಟು, ಸ್ಕರ್ಟು, ಕರ್ಟನ್ನು ಹೊಲಿದು ಕೊಡಲಾಗುವುದು. ಅರ್ಜೆಂಟು ಅನ್ನಬೇಡಿ." ಕೊನೆಯ ಸಾಲು ನನ್ನದೇ. ಬೋರ್ಡು ಬರೆಯುವವನು "ಇದೆಲ್ಲ ಚೆನ್ನಾಗಿರಲ್ಲ ಅಕ್ಕಾ" ಎಂದಿದ್ದ. "ಚೆನ್ನಾಗಿರಲಿ ಅಂತಲ್ಲ ಕಣಪ್ಪಾ, ನಾನು ಬದುಕಿರಲಿ ಅಂತ" ಎಂದು ಹಟ ಹಿಡಿದು ಬರೆಸಿದೆ. ಬಂದವರು ಅದನ್ನು ಓದುತ್ತಾರೆ, ನಗುತ್ತಾರೆ, ಆಮೇಲೆ ಬಟ್ಟೆ ಮುಂದಿಟ್ಟು "ಸ್ವಲ್ಪ ಅರ್ಜೆಂಟಿತ್ತು" ಎನ್ನುತ್ತಾರೆ.

ನನ್ನ ಮಗಳು ಆ ಬೋರ್ಡಿನ ಕೆಳಗೇ ಬೆಳೆದವಳು. ಹುಟ್ಟಿದಾಗ ಗುಂಡಗೆ, ಚಿಕ್ಕದಾಗಿ ಇದ್ದಳೆಂದು ಅವಳಪ್ಪ ಬಟಾಣಿ ಎಂದರು. ಆ ಹೆಸರೇ ನಿಂತಿತು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ, ಉದ್ದದ್ದು, ಗಂಭೀರವಾದದ್ದು. ಮಾತು ಬಂದಾಗಿನಿಂದ ಅವಳ ಜಾಗ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಕತ್ತರಿಸುವ ಮೇಜಿನ ಕೆಳಗೆ. ನೆಲಕ್ಕೆ ಬಿದ್ದ ಗುಂಡುಸೂಜಿಗಳನ್ನು ಅಯಸ್ಕಾಂತಕ್ಕೆ ಅಂಟಿಸುತ್ತಾ ಒಂದೇ ಸಮ ವಟವಟ. ಗಿರಾಕಿಗಳು ಬಂದರೆ ಹೊರಗೋಡಿ, ಬೋರ್ಡಿನ ಕಡೆ ಬೆರಳು ತೋರಿಸಿ ಗಟ್ಟಿಯಾಗಿ ಓದಿ ಹೇಳುವಳು. ಅಷ್ಟು ಚಿಕ್ಕ ಹುಡುಗಿ ಅಷ್ಟು ಸಲೀಸಾಗಿ ಓದುತ್ತಾಳಲ್ಲ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ನಮ್ಮದು ಕೀಟಲೆಯ ಮನೆ. ನಾನು ತೆಳ್ಳಗಿದ್ದೇನೆ, ಮಾತೂ ಚುಚ್ಚುತ್ತದೆ ಎಂದು ಮಗಳು ನನ್ನನ್ನು ಸೂಜಿ ಎನ್ನುತ್ತಾಳೆ. ಅವಳಪ್ಪ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ಅವರು ಬನ್ನು. ಬೆಳಗಿನಿಂದ ಒಲೆಯ ಮುಂದೆ ಬೆಂದು ಮನೆಗೆ ಬಂದವರನ್ನು "ಬನ್ನು ಬಂತು, ಬಿಸಿ ಬನ್ನು" ಎಂದು ಅವಳು ಬರಮಾಡಿಕೊಂಡರೆ ಅವರ ಆಯಾಸವೆಲ್ಲ ಇಳಿದುಹೋಗುತ್ತಿತ್ತು. ಹಾಗಾಗಿ ತಮಾಷೆ ಎಂದರೆ ಏನೆಂದು ತಿಳಿಯದವರು ನಾವಲ್ಲ.

ಮೂರನೇ ಕ್ಲಾಸಿನ ಮೇಷ್ಟ್ರನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ನಗೆ ಮೇಷ್ಟ್ರು ಎಂದರೆ ಸಾಕು. ಮಕ್ಕಳು ಅವರ ಕ್ಲಾಸಿಗೇ ಬೇಕೆಂದು ರಚ್ಚೆ ಹಿಡಿಯುತ್ತವೆ. ಕೈಯಲ್ಲಿ ಬೆತ್ತ ಹಿಡಿದವರಲ್ಲ, ಯಾರ ಕಿವಿಯನ್ನೂ ಹಿಂಡಿದವರಲ್ಲ. ಒಮ್ಮೆ ಪ್ಯಾಂಟು ಬಿಗಿ ಮಾಡಿಸಲು ನನ್ನ ಅಂಗಡಿಗೆ ಬಂದು, "ನನ್ನ ಸೊಂಟ ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ. ನಿಮ್ಮ ಟೇಪಿಗೇನಾದ್ರೂ ಸಿಕ್ಕಿದ್ರೆ ಹೇಳಿ" ಎಂದರು. ನಾನು ನಕ್ಕು ಅಳತೆ ತಪ್ಪಿ, ಮತ್ತೆ ತೆಗೆದೆ. ಮಗಳು ಅವರ ಕ್ಲಾಸಿಗೆ ಸೇರಿದಾಗ ಅದೃಷ್ಟ ಎಂದುಕೊಂಡೆ.

ಆ ದಿನ ಅವಳು ಚೀಲವನ್ನು ಬಾಗಿಲಲ್ಲೇ ಎಸೆದು ಒಳಗೆ ಓಡಿಬಂದಳು.

"ಅಮ್ಮಾ, ಇವತ್ತು ಇಡೀ ಕ್ಲಾಸನ್ನ ನಾನೇ ನಗಿಸ್ದೆ!"

"ಏನ್ ಮಾಡ್ದೆ?"

"ಓದ್ದೆ ಅಷ್ಟೆ."

ಪಾಠದಲ್ಲಿ ಇದ್ದ ಸಾಲು ಇದು: ಪೂರ್ವ ದಿಕ್ಕಿನಲ್ಲಿ ಸೂರ್ಯ ಮೂಡಿದನು. ಅವಳು ಎದ್ದು ನಿಂತು ಓದಿದ್ದು ಹೀಗೆ: "ಪೂವ ಒಂಬತ್ತು ದಿಕ್ಕಿನಲ್ಲಿ ಸೂಯ ಒಂಬತ್ತು ಮೂಡಿದನು."

ಅಕ್ಷರದ ಪಕ್ಕದಲ್ಲಿ ಬಾಲದ ಹಾಗೆ ಸುತ್ತಿ ಬರೆಯುತ್ತೇವಲ್ಲ, ಅರ್ಕಾವತ್ತು, ಅದೂ ಕನ್ನಡದ ಅಂಕಿ ಒಂಬತ್ತೂ ನೋಡಲು ಒಂದೇ ತರಹ. ನಮ್ಮ ಬಟಾಣಿ ಅದನ್ನು ಒಂಬತ್ತು ಎಂದು ಓದಿಬಿಟ್ಟಿದ್ದಾಳೆ. ಮೇಷ್ಟ್ರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಅಯ್ಯಯ್ಯೋ! ಒಬ್ಬ ಸೂರ್ಯನ ಬಿಸಿಲೇ ತಡೆಯೋಕಾಗಲ್ಲ, ಇವಳು ಒಂಬತ್ತು ಜನರನ್ನ ಕರ್ಕೊಂಡ್ ಬಂದಳಲ್ಲಪ್ಪೋ! ಎಲ್ಲರೂ ಛತ್ರಿ ಹಿಡೀರಿ, ಛತ್ರಿ!" ಎಂದರಂತೆ. ಮಕ್ಕಳೆಲ್ಲ ಅಂಗೈಯನ್ನು ತಲೆಯ ಮೇಲೆ ಛತ್ರಿಯಂತೆ ಹಿಡಿದು ಬಿದ್ದು ಬಿದ್ದು ನಕ್ಕವಂತೆ. ಕೊನೆಗೆ ಮೇಷ್ಟ್ರು, "ಅದು ಒಂಬತ್ತಲ್ಲ ತಾಯಿ, ಅರ್ಕಾವತ್ತು! ಕೂತ್ಕೋ ಅರ್ಕಾವತ್ತು" ಎಂದು ಮುಂದಿನ ಹುಡುಗನನ್ನು ಓದಲು ಎಬ್ಬಿಸಿದರಂತೆ.

ಇದನ್ನೆಲ್ಲ ಅವಳೇ ಅಭಿನಯಿಸಿ ತೋರಿಸಿದಳು. ಅವಸರದಲ್ಲಿ ಎಡವಿದ್ದಾಳೆ ಎಂದುಕೊಂಡು ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು. ಆ ದಿನ ಅದು ಅವಳ ತಮಾಷೆಯೇ ಆಗಿತ್ತು.

ಮಾರನೆಯ ದಿನ ಹಾಜರಿ ಕೂಗುವಾಗ ಅವಳು "ಬಂದಿದೀನಿ ಸಾರ್" ಎಂದು ಎದ್ದರೆ ಒಂದಷ್ಟು ಕೈಗಳು ತಲೆಯ ಮೇಲೆ ಹೋದವು. ಆಮೇಲೆ ನೀರು ಕುಡಿಯಲು ಎದ್ದರೂ ಛತ್ರಿ. ಆಟದ ಮೈದಾನಕ್ಕೆ ಕಾಲಿಟ್ಟರೂ ಛತ್ರಿ. ಮೇಷ್ಟ್ರ ಬಾಯಲ್ಲಿ ಅವಳ ಉದ್ದದ ಹೆಸರು ಮಾಯವಾಗಿ ಅರ್ಕಾವತ್ತು ಉಳಿಯಿತು. ಅವಳು ಮಾತಿಗೆ ಸ್ವಲ್ಪ ತಡ ಮಾಡಿದರೆ, "ಅರ್ಕಾವತ್ತು ಯಾವಾಗ್ಲೂ ಎಲ್ಲರಿಗಿಂತ ಹಿಂದೇನೇ, ಕಾಯೋಣ" ಎನ್ನುತ್ತಿದ್ದರು. ಇದನ್ನೆಲ್ಲ ಅವಳು ಹೇಳಲಿಲ್ಲ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಸ್ಕರ್ಟಿನ ಅಳತೆ ಕೊಡಲು ಬಂದಾಗ ಖುಷಿಯಿಂದ ಹೇಳಿದಳು. "ನಮ್ ಕ್ಲಾಸಲ್ಲಿ ಸಖತ್ ಮಜಾ ಆಂಟಿ" ಎಂದಳು.

ನನ್ನ ಮಗಳ ವಟವಟ ಯಾವ ದಿನ ನಿಂತಿತೆಂದು ನನಗೆ ಹೇಳಲು ಬರುವುದಿಲ್ಲ. ಮೆಷಿನ್ನಿನ ಸದ್ದಿಗೆ ಕಿವಿ ಒಗ್ಗಿದವಳು ನಾನು. ಒಂದು ದಿನ ದಾರ ಕಡಿದು ಮೆಷಿನ್ನು ನಿಲ್ಲಿಸಿದಾಗ ಮೇಜಿನ ಕೆಳಗಿನಿಂದ ಏನೂ ಕೇಳಿಸಲಿಲ್ಲ. ಬಗ್ಗಿ ನೋಡಿದರೆ ಅವಳು ಅಲ್ಲೇ ಇದ್ದಾಳೆ, ಗುಂಡುಸೂಜಿಗಳನ್ನು ಅಂಟಿಸುತ್ತಿದ್ದಾಳೆ, ತುಟಿ ಮಾತ್ರ ಬಿಗಿದಿವೆ.

"ಏನಾಯ್ತೇ?"

"ಏನಿಲ್ಲ."

"ಮೇಷ್ಟ್ರು ಬೈದ್ರಾ?"

"ಇಲ್ಲ."

"ಯಾರಾದ್ರೂ ಹೊಡೆದ್ರಾ?"

"ಯಾರೂ ಏನೂ ಮಾಡಿಲ್ಲಮ್ಮಾ."

ನಿಜವೇ. ಯಾರೂ ಬೈದಿಲ್ಲ, ಹೊಡೆದಿಲ್ಲ. ಬೈದಿದ್ದರೆ ಹೋಗಿ ಜಗಳವಾಡಬಹುದಿತ್ತು, ಜಗಳದಲ್ಲಿ ನಾನು ಹಿಂದೆ ಬಿದ್ದವಳಲ್ಲ. ನಕ್ಕರು ಎಂದು ಯಾರ ಮೇಲೆ ದೂರು ಹೇಳುವುದು? ಬೆಳಿಗ್ಗೆ ಎದ್ದರೆ ಹೊಟ್ಟೆನೋವು, ರಜಾ ದಿನ ಮಾತ್ರ ಇರುತ್ತಿರಲಿಲ್ಲ. ಗಿರಾಕಿಗಳು ಬಂದರೆ ಅವಳು ಬೋರ್ಡು ಓದಲು ಹೊರಗೆ ಬರುತ್ತಿರಲಿಲ್ಲ. ಯಾರೋ "ಎಲ್ಲಿ ನಿಮ್ಮ ರೇಡಿಯೋ?" ಎಂದು ಕೇಳಿದರೆ ಮೇಜಿನ ಕೆಳಗೆ ಇನ್ನೂ ಒಳಕ್ಕೆ ಸರಿದಳು.

ಆಮೇಲೆ ಟಿಫಿನ್ ಡಬ್ಬಿ. ಅದರ ಮುಚ್ಚಳದ ಮೇಲೆ ನಾನೇ ಹಸಿರು ಉಗುರುಬಣ್ಣದಲ್ಲಿ ಅವಳ ಹೆಸರು ಬರೆದಿದ್ದೆ. ಅವಳ ಉದ್ದದ ಹೆಸರಿನಲ್ಲೂ ಒಂದು ಅರ್ಕಾವತ್ತು ಬರುತ್ತದೆ. ಅದನ್ನು ಅವಳು ಕಂಪಾಸಿನ ಮೊನೆಯಿಂದ ಕೆರೆದು ತೆಗೆದಿದ್ದಳು. ಉಳಿದ ಅಕ್ಷರಗಳು ಹಾಗೇ ಇದ್ದವು, ಅದೊಂದರ ಜಾಗದಲ್ಲಿ ಸ್ಟೀಲು ಬೆಳ್ಳಗೆ ಹೊಳೆಯುತ್ತಿತ್ತು. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಅದನ್ನೇ ನೋಡುತ್ತಾ ನಿಂತೆ. ಒಂದು ನಗೆಗೆ ಮಗು ತನ್ನ ಹೆಸರನ್ನೇ ಕೆರೆದುಕೊಳ್ಳುತ್ತದೆಯೇ?

ಅಷ್ಟರಲ್ಲಿ ಪೋಷಕರ ಸಭೆ ಬಂತು. ಇವರು ಬೇಕರಿಯಲ್ಲಿ ರಜೆ ಕೇಳಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದರು. ನಾನು ಇವರಿಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ. ಬರೀ ನಗೆಯಿಂದ ಇಷ್ಟಾಗುತ್ತದೆ ಎಂದು ನನಗೇ ಪೂರ್ತಿ ಅರ್ಥವಾಗಿರಲಿಲ್ಲ. ಮಕ್ಕಳೆಲ್ಲ ಬೆಂಚುಗಳಲ್ಲಿ ಕೂತಿದ್ದರು, ದೊಡ್ಡವರು ಗೋಡೆಗೆ ಒರಗಿ ನಿಂತಿದ್ದರು. ನಾವು ಬಾಗಿಲು ದಾಟುತ್ತಿದ್ದಂತೆ ಮೇಷ್ಟ್ರು ಎರಡೂ ಕೈ ಚಾಚಿ, "ಬನ್ನಿ ಬನ್ನಿ, ನಮ್ಮ ಅರ್ಕಾವತ್ತಿನ ಅಪ್ಪ ಅಮ್ಮ ಬಂದ್ರು!" ಎಂದರು. ಪ್ರೀತಿಯಿಂದಲೇ ಎಂದರು, ಅದರಲ್ಲಿ ಸಂಶಯವಿಲ್ಲ.

ಕ್ಲಾಸಿನ ತುಂಬ ಅಂಗೈಗಳು ತಲೆಯ ಮೇಲೇರಿದವು. ಗೋಡೆಗೆ ಒರಗಿದ್ದ ದೊಡ್ಡವರೂ ನಕ್ಕರು. ಇವರು ಅದನ್ನು ಏನೋ ಶಾಲೆಯ ನಮಸ್ಕಾರ ಎಂದುಕೊಂಡರು. ಮೊದಲೇ ನಾಚಿಕೆಯ ಮನುಷ್ಯ, ಮೇಷ್ಟ್ರ ಮುಂದೆ ನಿಂತರೆ ಇನ್ನೂ ಗಾಬರಿ. ಹಲ್ಲು ಕಿರಿದು, ತಾವೂ ಅಂಗೈ ಎತ್ತಿ ತಮ್ಮ ತಲೆಯ ಮೇಲೆ ಹಿಡಿದರು.

ನಾನು ಮಗಳನ್ನು ನೋಡಿದೆ. ಅವಳು ಅಪ್ಪನನ್ನು ನೋಡುತ್ತಿದ್ದಳು. ಅಳಲಿಲ್ಲ. ಸುಮ್ಮನೆ ನೋಡಿ, ಕಣ್ಣನ್ನು ಬೆಂಚಿನ ಮೇಲಕ್ಕೆ ಇಳಿಸಿದಳು. ಆ ನೋಟ ನೆನಪಾದರೆ ಈಗಲೂ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತದೆ.

ಮೇಷ್ಟ್ರು ನಮ್ಮ ಸರದಿ ಬಂದಾಗ ದನಿ ತಗ್ಗಿಸಿ ಹೇಳಿದರು. "ಹುಡುಗಿ ಒಳ್ಳೆಯವಳು. ಲೆಕ್ಕ ಪರವಾಗಿಲ್ಲ. ಆದ್ರೆ ಓದೋಕೆ ಎಬ್ಬಿಸಿದ್ರೆ ಬಾಯಿಗೆ ಬೀಗ. ವರ್ಷದ ಕೊನೆಗೆ ಓದಿನ ಪರೀಕ್ಷೆ ಇದೆ, ಒಬ್ಬೊಬ್ಬರೇ ಎದ್ದು ಒಂದು ಪುಟ ಓದಬೇಕು. ಓದದಿದ್ರೆ ಇನ್ನೊಂದು ವರ್ಷ ಇಲ್ಲೇ ಕೂರಿಸಬೇಕಾಗತ್ತೆ. ಅದು ನನ್ನ ಕೈಯಲ್ಲಿಲ್ಲ. ಮನೇಲಿ ಸ್ವಲ್ಪ ಓದಿಸಿ."

ದಾರಿಯುದ್ದಕ್ಕೂ ಅವಳು ನಮ್ಮಿಬ್ಬರ ಮುಂದೆ, ಒಬ್ಬಳೇ ನಡೆದಳು. ಸಂಜೆ ಇವರು ಮಡಚಿದ ಕಾಗದದಿಂದ ಬೆಣ್ಣೆ ಬನ್ನು ತೆಗೆದು ಕೊಟ್ಟರೆ ಬೇಡ ಎಂದಳು.

"ಯಾಕೇ ಬಟಾಣಿ? ಬನ್ನಿನ ಮೇಲೆ ಕೋಪಾನಾ?"

"ನೀನೂ ಹಿಡಿದೆ" ಎಂದಳು.

"ಏನ್ ಹಿಡಿದೆ?"

ಅವಳು ಮೇಜಿನ ಕೆಳಗೆ ಹೋದಳು. ನಾನು ಅಡುಗೆಮನೆಗೆ ಕರೆದು ಇವರಿಗೆ ಛತ್ರಿಯ ಕಥೆ ಹೇಳಿದೆ. ಇವರು ಬನ್ನನ್ನು ತಟ್ಟೆಯ ಮೇಲಿಟ್ಟು, ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನನಗೇನು ಗೊತ್ತಿತ್ತೇ" ಎಂದರು. ಅಷ್ಟೇ ಎಂದರು. ಊಟಕ್ಕೂ ಸರಿಯಾಗಿ ಕೂರಲಿಲ್ಲ.

ನಾನು ಮೇಜಿನ ಕೆಳಗೆ ನುಗ್ಗಿದೆ. ಸೊಂಟ ಹಿಡಿದುಕೊಂಡರೂ ಪರವಾಗಿಲ್ಲವೆಂದು ಅವಳ ಪಕ್ಕ ಕೂತೆ. ಬಟ್ಟೆಯ ಚೂರುಗಳು, ದಾರದ ತುಂಡುಗಳು, ಗುಂಡುಸೂಜಿ ಮುತ್ತಿದ ಅಯಸ್ಕಾಂತ. ಅಯಸ್ಕಾಂತವನ್ನು ತಿರುಗಿಸುತ್ತಾ ಅವಳೇ ಮಾತಾಡಿದಳು.

"ಅಮ್ಮಾ, ಅರ್ಕಾವತ್ತು ಅಂದ್ರೆ ಏನು?"

ನನಗೆ ಅರ್ಥವಾಗಲಿಲ್ಲ. "ಅಂದ್ರೆ?"

"ಆ ಬಾಲಕ್ಕೆ ಅರ್ಕಾವತ್ತು ಅಂತಾರೆ, ಅದು ಗೊತ್ತು. ಅದು ಯಾಕಿರತ್ತೆ? ಏನ್ ಮಾಡತ್ತೆ? ಕೆಟ್ಟದ್ದಾ?"

"ನಿನಗೆ ಗೊತ್ತಿಲ್ವಾ?"

"ಇಲ್ಲ."

"ಮೇಷ್ಟ್ರನ್ನ ಕೇಳಬೇಕಿತ್ತಲ್ಲೇ."

"ಕೇಳಿದ್ರೆ ಮತ್ತೆ ಛತ್ರಿ ಹಿಡೀತಾರೆ."

ಆಗ ನನ್ನ ತಲೆಗೆ ಹೊಳೆಯಿತು. ಎರಡನೇ ಕ್ಲಾಸಿನಲ್ಲಿ ಅವಳಿಗೆ ಕಾಮಾಲೆಯಾಗಿತ್ತು. ಕಣ್ಣು ಹಳದಿಯಾಗಿ, ಹಾಸಿಗೆ ಹಿಡಿದು, ಎಷ್ಟೋ ದಿನ ಶಾಲೆಗೆ ಹೋಗಿರಲಿಲ್ಲ. ಉಳಿದ ಮಕ್ಕಳು ಅರ್ಕಾವತ್ತು ಕಲಿತದ್ದು ಆಗಲೇ ಇರಬೇಕು. ಆಮೇಲೆ ಯಾರೂ ಇವಳಿಗೆ ಹೇಳಿಕೊಡಲಿಲ್ಲ. ಎಲ್ಲರಿಗೂ ಗೊತ್ತು ಎಂದುಕೊಂಡೇ ಎಲ್ಲರೂ ಮುಂದೆ ಹೋದರು. ಬೋರ್ಡನ್ನು ಗಡಗಡ ಓದುತ್ತಿದ್ದಳಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಅದು ಓದಾಗಿರಲಿಲ್ಲ, ಬಾಯಿಪಾಠ. ಇಡೀ ಕ್ಲಾಸು ಇಷ್ಟು ದಿನ ಅರ್ಕಾವತ್ತು ಅರ್ಕಾವತ್ತು ಎಂದು ಅವಳನ್ನು ಕರೆದಿದೆ. ಅದರ ಕೆಲಸವೇನೆಂದು ಒಬ್ಬರೂ ಅವಳಿಗೆ ಹೇಳಿಲ್ಲ.

ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬೋರ್ಡಿನ ಮುಂದೆ ನಿಲ್ಲಿಸಿದೆ. ಬೀದಿದೀಪದ ಬೆಳಕು ಅದರ ಮೇಲೆ ಬೀಳುತ್ತಿತ್ತು.

"ನೋಡು, ಇದು ಒಂಬತ್ತಲ್ಲ. ಇದು 'ರ್'. ಇದರದೊಂದು ವಿಚಿತ್ರ. ಬರೆಯೋದು ಆಮೇಲೆ, ಹೇಳೋದು ಮೊದಲು. ಶ ಆಯ್ತು. ಆಮೇಲೆ ಟು, ಅದರ ಪಕ್ಕ ಇದು. ಆದ್ರೆ ಟು ಅನ್ನೋಕೆ ಮುಂಚೇನೇ ಇದನ್ನ ಹೇಳಬೇಕು. ಶ, ರ್, ಟು."

"ಶರ್ಟು" ಎಂದಳು ಮೆಲ್ಲಗೆ. ಆಮೇಲೆ ಅವಳ ಕಣ್ಣು ಬೋರ್ಡಿನ ಮೇಲೆ ಓಡಿತು. "ಅಮ್ಮಾ, ಸ್ಕರ್ಟಲ್ಲೂ ಇದೆ. ಕರ್ಟನ್ನಲ್ಲೂ. ಅರ್ಜೆಂಟಲ್ಲೂ!"

"ಮತ್ತೆ? ನಿನ್ನಮ್ಮನ ಹೊಟ್ಟೆಪಾಡೆಲ್ಲ ಅರ್ಕಾವತ್ತಿನ ಮೇಲೇ ನಿಂತಿರೋದು."

ಅವಳು ಒಳ್ಳೆಯ ಬಟಾಣಿ, ಕ್ಷಣದಲ್ಲಿ ಹಿಡಿದುಕೊಂಡಳು. ಪುಸ್ತಕ ತಂದು ಪೂರ್ವ ಓದಿದಳು, ಸೂರ್ಯ ಓದಿದಳು, ಮಾರ್ಗ, ವರ್ಷ, ಕಾರ್ಯ ಎಲ್ಲ ಓದಿದಳು. ಗೆದ್ದೆ ಎಂದುಕೊಂಡೆ. "ಇನ್ನೇನು, ಪರೀಕ್ಷೇಲಿ ಜೋರಾಗಿ ಓದಿಬಿಡು" ಎಂದೆ.

ಅವಳು ಪುಸ್ತಕ ಮುಚ್ಚಿದಳು. "ನಾನು ಓದಲ್ಲ."

"ಈಗ ಬರತ್ತಲ್ಲೇ!"

"ಓದೋಕೆ ಬರತ್ತೆ. ಎದ್ದು ನಿಲ್ಲೋಕೆ ಬರಲ್ಲ. ನಿಂತ ಕೂಡ್ಲೆ ಹಿಡೀತಾರೆ." ಸ್ವಲ್ಪ ತಡೆದು ಹೇಳಿದಳು. "ಫೇಲಾದ್ರೆ ಒಳ್ಳೇದೇ ಅಮ್ಮಾ. ಇವರೆಲ್ಲ ನಾಲ್ಕನೇ ಕ್ಲಾಸಿಗೆ ಹೋಗ್ತಾರೆ. ನನ್ನ ಕ್ಲಾಸಿಗೆ ಹೊಸಬರು ಬರ್ತಾರೆ. ಅವರಿಗೆ ಛತ್ರಿ ಗೊತ್ತಿರಲ್ಲ."

ಎಂಟು ವರ್ಷದ ಮಗು ಕೂತು ಇಷ್ಟೆಲ್ಲ ಯೋಚನೆ ಮಾಡಿದೆ, ಎಲ್ಲಿ ಹೋದರೆ ತನ್ನನ್ನು ನೋಡಿ ನಗದವರು ಸಿಗುತ್ತಾರೆ ಎಂದು. ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನ ಮೆಷಿನ್ನಿಗೆ ಮುಸುಕು ಹಾಕಿ ಶಾಲೆಗೆ ಹೋದೆ. ದಾರಿಯಲ್ಲಿ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ನನ್ನನ್ನು ನೋಡಿ, "ಬನ್ನಿ, ಏನು ಇಷ್ಟು ಅರ್ಜೆಂಟು? ಅನ್ನಬಾರದು ಅಂತ ನೀವೇ ಬೋರ್ಡು ಹಾಕಿದೀರಿ" ಎಂದರು. ಹಾಳು ಮನುಷ್ಯ, ನನಗೆ ನಗು ಬಂದೇಬಿಟ್ಟಿತು. ತುಟಿ ಕಚ್ಚಿಕೊಂಡೆ. ಇಂಥವರ ಮುಂದೆ ಎಂಟು ವರ್ಷದ ಹುಡುಗಿ ಏನು ತಾನೆ ಮಾಡಿಯಾಳು ಎಂದು ಆಗ ಅನ್ನಿಸಿತು. ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಎಲ್ಲೋ ಹೋಯಿತು.

"ಮೇಷ್ಟ್ರೇ, ನನ್ನ ಮಗಳು ನಿನ್ನೆ ಒಂದು ಪ್ರಶ್ನೆ ಕೇಳಿದಳು. ಅರ್ಕಾವತ್ತು ಅಂದ್ರೆ ಏನು ಅಂತ."

ಅವರು ನಗಲು ಬಾಯಿ ತೆರೆದರು. ಇದೂ ತಮಾಷೆಯ ಆರಂಭ ಎಂದುಕೊಂಡಿರಬೇಕು.

"ನಗಬೇಡಿ. ನಿಜವಾಗ್ಲೂ ಕೇಳಿದಳು. ಹೋದ ವರ್ಷ ಕಾಮಾಲೆಯಾಗಿ ಮಲಗಿದ್ದಳು. ಆ ಪಾಠ ಅವಳಿಗೆ ಬಂದೇ ಇರಲಿಲ್ಲ. ನೀವು ಹೆಸರಿಟ್ರಿ, ಪಾಠ ಹೇಳಲಿಲ್ಲ."

ಅವರ ಕೈಯಲ್ಲಿದ್ದ ಚಮಚ ಡಬ್ಬಿಯ ಅಂಚಿನಲ್ಲೇ ನಿಂತಿತು. ಛತ್ರಿಯ ಬಗ್ಗೆ, ಹೊಟ್ಟೆನೋವಿನ ಬಗ್ಗೆ, ಡಬ್ಬಿಯ ಮೇಲೆ ಕೆರೆದ ಹೆಸರಿನ ಬಗ್ಗೆ, ಫೇಲಾದರೆ ಒಳ್ಳೆಯದು ಎಂದ ಮಾತಿನ ಬಗ್ಗೆ ಎಲ್ಲ ಹೇಳಿದೆ.

"ಅವಳೂ ನಗ್ತಿದ್ದಳಲ್ಲ" ಎಂದರು ಕೊನೆಗೆ. ದನಿಯಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು.

"ಮೊದಲನೇ ದಿನ ನಕ್ಕಳು. ಆಮೇಲೆ ನೀವು ಅವಳ ಮುಖ ನೋಡಲಿಲ್ಲ, ಉಳಿದವರ ಮುಖ ನೋಡಿದ್ರಿ."

ಅವರು ಕಿಟಕಿಯ ಕಡೆ ತಿರುಗಿದರು. "ನಮ್ಮ ಕಾಲದಲ್ಲಿ ಕ್ಲಾಸು ಅಂದ್ರೆ ನಡುಕ ಕಣಮ್ಮಾ. ಮೇಷ್ಟ್ರ ಚಪ್ಪಲಿ ಸದ್ದು ಕೇಳಿದ್ರೆ ನನ್ನ ಚಡ್ಡಿ ಒದ್ದೆ ಆಗ್ತಿತ್ತು. ನನ್ನ ಕ್ಲಾಸಲ್ಲಿ ಒಂದು ಮಗುವೂ ಹೆದರಬಾರದು ಅಂತಾನೇ ನಾನು ಹೀಗೆ..." ಎಂದು ನಿಲ್ಲಿಸಿದರು. ಆ ಮಾತು ಸುಳ್ಳಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಅಯ್ಯೋ ಅನ್ನಿಸಿತು. ಆದರೂ ಬಿಡಲಿಲ್ಲ.

"ಮನೇಲಿ ನಾವೂ ಅವಳನ್ನ ಬಟಾಣಿ ಅಂತೀವಿ. ಅವಳು ತಿರುಗಿ ನನ್ನ ಸೂಜಿ ಅಂತಾಳೆ, ಅವರಪ್ಪನ್ನ ಬನ್ನು ಅಂತಾಳೆ. ನಿಮಗೆ ಅವಳು ಏನಂತ ತಿರುಗಿಸಿ ಅನ್ನಬೇಕು ಹೇಳಿ? ಅಂದ್ರೆ ಬಿಡ್ತೀರಾ?"

ಅವರು ಡಬ್ಬಿಯ ಮುಚ್ಚಳ ಹಾಕಿದರು.

"ನಾಳೆ ಅವಳನ್ನ ಎಬ್ಬಿಸಿ ಧೈರ್ಯ ಹೇಳಬೇಡಿ ಮೇಷ್ಟ್ರೇ. 'ಇನ್ನು ಯಾರೂ ಛತ್ರಿ ಹಿಡೀಬಾರದು, ಅವರಮ್ಮ ಬಂದು ಜಗಳ ಆಡ್ತಾರೆ' ಅಂತ ತಮಾಷೆನೂ ಬೇಡ."

ಅವರ ಕಿವಿ ಕೆಂಪಾಯಿತು. ಅದನ್ನೇ ಹೇಳಬೇಕೆಂದಿದ್ದರು ಎಂದು ಕಾಣುತ್ತದೆ. "ಮತ್ತೇನು ಮಾಡಲಿ?" ಎಂದು ಕೇಳಿದರು.

"ನನಗೇನು ಗೊತ್ತು? ಪಾಠ ಹೇಳೋರು ನೀವು. ನಾನು ಹೊಲಿಗೆ ತಪ್ಪು ಹಾಕಿದ್ರೆ ನಾನೇ ಕೂತು ಬಿಚ್ತೀನಿ. ಗಿರಾಕಿ ಕೈಲಿ ಬಿಚ್ಚಿಸಲ್ಲ." ಇಷ್ಟು ಹೇಳಿ ಎದ್ದುಬಂದೆ. ಗೇಟಿನ ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಕೂತು ಹೊರಟೆ. ಮೇಷ್ಟ್ರನ್ನು ಎದುರಿಸಿ ಮಾತಾಡುವುದು ನನಗೂ ಅಭ್ಯಾಸವಿಲ್ಲ.

ಮುಂದಿನ ದಿನಗಳಲ್ಲಿ ಏನಾಯಿತೆಂದು ಅವಳು ಬಿಡಿ ಬಿಡಿಯಾಗಿ ಹೇಳಿದಳು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ದೊಡ್ಡ ಒಂಬತ್ತು ಬರೆದು, "ಇದು ಏನು?" ಎಂದರಂತೆ. ಮಕ್ಕಳು ಒಂಬತ್ತು ಎಂದವು. ಅದರ ಎಡಕ್ಕೆ ಒಂದು ಅಕ್ಷರ ಸೇರಿಸಿ, "ಈಗ?" ಎಂದರಂತೆ. ಮಕ್ಕಳು ಛತ್ರಿ ಹಿಡಿಯಲು ಕೈ ಎತ್ತಿ ಮೇಷ್ಟ್ರ ತಮಾಷೆಗೆ ಕಾದವು. ತಮಾಷೆ ಬರಲಿಲ್ಲ. "ಎರಡೂ ನೋಡೋಕೆ ಒಂದೇ. ಹೇಳಿಕೊಡದಿದ್ರೆ ನಾನೂ ಒಂಬತ್ತು ಅಂತಾನೇ ಓದ್ತಿದ್ದೆ. ನಾನು ಒಬ್ಬರಿಗೆ ಹೇಳಿಕೊಡದೆ ನಕ್ಕುಬಿಟ್ಟೆ. ತಪ್ಪು ನಂದು" ಎಂದು ಹೇಳಿ, ಮೊದಲಿನಿಂದ ಇಡೀ ಪಾಠವನ್ನು ಮತ್ತೆ ಮಾಡಿದರಂತೆ. ಯಾರ ಹೆಸರನ್ನೂ ಎತ್ತಲಿಲ್ಲ.

"ಆಮೇಲೆ ಯಾರೂ ನಗಲಿಲ್ವಾ?" ಎಂದೆ.

"ಒಬ್ಬ ನಕ್ಕ. ಮೇಷ್ಟ್ರು ಸುಮ್ನೆ ಇದ್ರು. ಆಮೇಲೆ ಅವನೂ ಸುಮ್ನಾದ."

ಹಾಜರಿಯಲ್ಲಿ ಉದ್ದದ ಹೆಸರು ವಾಪಸು ಬಂತಂತೆ. ಮೈದಾನದಲ್ಲಿ ಛತ್ರಿ ಪೂರ್ತಿ ಹೋಗಿರಲಿಲ್ಲ. ಮಕ್ಕಳಿಗೆ ಅಂಟಿದ ಆಟ ಅಷ್ಟು ಬೇಗ ಬಿಡುವುದಿಲ್ಲ. ಪರೀಕ್ಷೆಗೆ ಓದುತ್ತೀಯಾ ಎಂದರೆ ಅವಳು "ಗೊತ್ತಿಲ್ಲ" ಎನ್ನುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಡಬ್ಬಿ ತಂದು ನನ್ನ ಮುಂದಿಟ್ಟು, "ಇದು ಬಿಟ್ಟುಹೋಗಿದೆ" ಎಂದಳು, ಯಾರೋ ಬೇರೆಯವರು ಕೆರೆದ ಹಾಗೆ. ಹಸಿರು ಬಣ್ಣ ಮುಗಿದಿತ್ತು, ಕೆಂಪಿನಲ್ಲಿ ಹಾಕಿಕೊಟ್ಟೆ.

ಪರೀಕ್ಷೆಯ ದಿನ ಇವರು ಹೇಳದೆ ಕೇಳದೆ ಬೇಕರಿಯಿಂದ ನೇರ ಶಾಲೆಗೆ ಬಂದರು. ತೋಳಿಗೆಲ್ಲ ಹಿಟ್ಟು. ನಾವಿಬ್ಬರೂ ಕ್ಲಾಸಿನ ಹೊರಗೆ, ಕಿಟಕಿಯ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತೆವು. ಒಬ್ಬೊಬ್ಬರ ಓದೂ ಹೊರಗೆ ಕೇಳಿಸುತ್ತಿತ್ತು. ಆಮೇಲೆ ಮೇಷ್ಟ್ರು ಅವಳ ಉದ್ದದ ಹೆಸರು ಕೂಗಿದರು.

ಇವರು ಕಿಟಕಿಯಿಂದ ಬಗ್ಗಿ ನೋಡಿದರು. ನಾನೂ ನೋಡಿದೆ. ಅವಳು ಎದ್ದು ನಿಂತಿದ್ದಳು. ಪುಸ್ತಕ ನೋಡುತ್ತಿರಲಿಲ್ಲ, ಸುತ್ತಲಿನವರ ಕೈಗಳನ್ನು ನೋಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಒಂದು ಕೈ ಭುಜದವರೆಗೆ ಬಂದು, ತಲೆ ಕೆರೆದುಕೊಂಡು ಕೆಳಗಿಳಿಯಿತು. ಮೇಷ್ಟ್ರು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬಾಯಿಯನ್ನೂ ಕಟ್ಟಿದ್ದರು.

ಅವಳು ಓದಲು ಶುರುಮಾಡಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ನಾವು ಉಸಿರು ಬಿಗಿಹಿಡಿಯಬೇಕಾಯಿತು. ನಡುವೆ ಒಂದು ಕಡೆ ನಿಂತಳು. ಎಲ್ಲರೂ ಅವಳಿಗಾಗಿ ಕಾದರು. ಅವಳು ಬೆರಳಿಟ್ಟು, ಒಳಗೊಳಗೇ ಕೂಡಿಸಿಕೊಂಡು, "ವರ್ಷ" ಎಂದಳು. ಆಮೇಲೆ ಪುಟದ ಕೊನೆಯವರೆಗೂ ಹೋದಳು.

ಹೊರಗೆ ಬಂದಾಗ ನೆತ್ತಿ ಸುಡುವ ಬಿಸಿಲು. ಮೈದಾನ ದಾಟಬೇಕು. ಇವರಿಗೆ ಏನನ್ನಿಸಿತೋ, ಹಿಟ್ಟು ಮೆತ್ತಿದ ಎರಡೂ ಅಂಗೈಗಳನ್ನು ಚಾಚಿ ಅವಳ ತಲೆಯ ಮೇಲೆ ಹಿಡಿದರು. ನಾನು ಬೇಡ ಎನ್ನಲು ಹೊರಟೆ, ತಡವಾಗಿತ್ತು. ಅವಳು ಥಟ್ಟನೆ ನಿಂತು ತಲೆ ಎತ್ತಿ ಆ ಕೈಗಳನ್ನು ನೋಡಿದಳು. ಇವರು ಕೈ ತೆಗೆಯಲಿಲ್ಲ. ಕೈಗಳ ನೆರಳು ಅವಳ ಮುಖದ ಮೇಲೆ ಬಿದ್ದಿತ್ತು.

"ಎರಡು ಕೈ ಯಾಕೋ ಬನ್ನು?" ಎಂದಳು ನನ್ನ ಮಗಳು. "ಇರೋದು ಒಂದೇ ಸೂರ್ಯ."